ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕಳಿಸಿ: ಕೆಲಸಕ್ಕೆ ಜನ ಆರಿಸುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದ ಕಂಪನಿಗಳ ಎಚ್.ಆರ್. ಮುಖ್ಯಸ್ಥರಿಗೆ, ಮತ್ತು ಅವರು ಕರೆದರೆಂದು ಮೀಟಿಂಗಿನ ನಡುವೆ ಎದ್ದು ಬಂದು ಇಂಟರ್‌ವ್ಯೂಗೆ ಕೂರುವ ಮ್ಯಾನೇಜರುಗಳಿಗೆ,

ನಮಸ್ಕಾರ.

ಒಂದು ಹುದ್ದೆಗೆ ಎಂಟು ಜನರನ್ನು ಕರೆದಿದ್ದೀರಿ ಎಂದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದವರು ಹತ್ತೂಮುಕ್ಕಾಲಿಗೆ ಹೊರಗೆ ಬರುತ್ತಾರೆ. ರಿಸೆಪ್ಷನ್ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿರುವವರು ಕೇಳುವ ಮೊದಲ ಮಾತು, "ಏನೇನ್ ಕೇಳಿದ್ರು?" ಮಧ್ಯಾಹ್ನ ಮೂರರ ಸರದಿಯವರಿಗೆ ಅಷ್ಟು ಹೊತ್ತಿಗೆ ನಿಮ್ಮ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಾಯಿಪಾಠ ಆಗಿರುತ್ತದೆ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಇದು ಇನ್ನೂ ಬೇಗ. ಮೊದಲ ಹುಡುಗ ಮೆಟ್ಟಿಲಿಳಿಯುವ ಮುಂಚೆಯೇ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪ್ರಶ್ನೆಗಳು ಬಿದ್ದಿರುತ್ತವೆ. ದೊಡ್ಡ ಕಂಪನಿಯಾದರೆ ಗ್ಲಾಸ್‌ಡೋರ್, ಆ್ಯಂಬಿಷನ್‌ಬಾಕ್ಸ್ ಮುಂತಾದ, ಅಭ್ಯರ್ಥಿಗಳೇ ಇಂಟರ್‌ವ್ಯೂ ಅನುಭವ ಬರೆಯುವ ಜಾಲತಾಣ ತೆರೆದರೆ ಸಾಕು.

ಅಂದರೆ ನಿಮ್ಮ ಪ್ರಶ್ನೆಗಳು ಈಗಾಗಲೇ ಹೊರಗಿವೆ. ನಿಮ್ಮಲ್ಲಿ ಕೆಲಸ ಮಾಡುವ ಸೀನಿಯರ್ ಗೊತ್ತಿದ್ದವರಿಗೆ ಸಿಗುತ್ತವೆ, ಮಧ್ಯಾಹ್ನದ ಸ್ಲಾಟ್ ಸಿಕ್ಕವರಿಗೆ ಸಿಗುತ್ತವೆ. ಚಳ್ಳಕೆರೆಯಿಂದ ರಾತ್ರಿ ಬಸ್ಸಿಗೆ ಬಂದು ಹತ್ತು ಗಂಟೆಗೆ ಮೊದಲನೆಯವರಾಗಿ ಒಳಗೆ ಹೋದವರಿಗೆ ಸಿಗುವುದಿಲ್ಲ. ಹೀಗೆ ಸೋರಿ ಕೆಲವರಿಗೆ ತಲುಪುವುದನ್ನೇ ನೀವಾಗಿ ಎಲ್ಲರಿಗೂ ಒಂದೇ ಹೊತ್ತಿಗೆ, ಇಂಟರ್‌ವ್ಯೂಗೆ 48 ಗಂಟೆ ಮೊದಲು, ಬರವಣಿಗೆಯಲ್ಲಿ ಕಳಿಸಿ ಎನ್ನುವುದು ನಮ್ಮ ಕೋರಿಕೆ. ಇದು ಹೊಸ ಹುಚ್ಚೇನಲ್ಲ. ಬ್ರಿಟನ್ನಿನ ಜಾನ್ ಲೂಯಿಸ್ ಎಂಬ ದೊಡ್ಡ ಅಂಗಡಿ ಸಮೂಹ ತನ್ನ ಇಂಟರ್‌ವ್ಯೂ ಪ್ರಶ್ನೆಗಳನ್ನು ಅಭ್ಯರ್ಥಿಗಳು ಮೊದಲೇ ಆನ್‌ಲೈನಿನಲ್ಲಿ ನೋಡಬಹುದು ಎಂದು 2024ರಲ್ಲಿ ಪ್ರಕಟಿಸಿತು. ಅಂಗಡಿಯ ಕೆಲಸದಿಂದ ಮೇಲಿನ ಹುದ್ದೆಗಳವರೆಗೆ, ಎಲ್ಲಕ್ಕೂ.

ಸರ್ಕಾರಿ ನೇಮಕಾತಿಯ ಮಾತು ಇಲ್ಲಿ ಎತ್ತುತ್ತಿಲ್ಲ. ಅದರ ಕಾನೂನು, ಅದರ ರಗಳೆ ಬೇರೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಸಂದರ್ಶನದ ಮೇಲಿನ ಅನುಮಾನ ಅದಕ್ಕಿಂತ ಹಳೆಯದು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ ಒಬ್ಬೊಬ್ಬರ ಮೌಖಿಕ ಪರೀಕ್ಷೆ ಎರಡು ಮೂರು ನಿಮಿಷಕ್ಕೆ ಮುಗಿದಿತ್ತು, ಅದರಲ್ಲೂ ಅಪ್ಪ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳು ಎಂಬುದು ಅರ್ಜಿದಾರರ ದೂರು. ಒಟ್ಟು 150 ಅಂಕಗಳಲ್ಲಿ ಅದಕ್ಕೆ 50 ಇಟ್ಟಿದ್ದರು. 1980ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಅದನ್ನು ಮನಬಂದಂತೆ ನಡೆದ ಕ್ರಮ ಎಂದಿತು, ಸಂದರ್ಶನಗಳನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು ಎಂದೂ ಹೇಳಿತು. ಖಾಸಗಿ ಕಂಪನಿಗೆ ಆ ಮಿತಿಗಳು ಅನ್ವಯಿಸುವುದಿಲ್ಲ ನಿಜ. ಆದರೆ ರೆಸ್ಯೂಮೆಯನ್ನು ಕಾರಿಡಾರಿನಲ್ಲಿ ನಡೆಯುತ್ತಲೇ ಓದಿ, ಬಾಗಿಲು ತೆರೆದು, "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂದು ಶುರುಮಾಡಿ, ಆಮೇಲೆ ಬಾಯಿಗೆ ಬಂದದ್ದು ಕೇಳುವ ನಮ್ಮ ಪದ್ಧತಿ ಅದಕ್ಕಿಂತ ಬಹಳ ದೂರ ಬಂದಿಲ್ಲ.

ಪ್ರಶ್ನೆ ಮೊದಲೇ ಕಳಿಸುವುದರ ಮೊದಲ ಲಾಭ ಅಭ್ಯರ್ಥಿಗಲ್ಲ, ನಿಮಗೇ. ಕಳಿಸಬೇಕಾದರೆ ಪ್ರಶ್ನೆ ಇರಬೇಕಲ್ಲ! ಎರಡು ದಿನ ಮೊದಲು ಮ್ಯಾನೇಜರ್ ಕೂತು, ಈ ಹುದ್ದೆಗೆ ಏನು ನೋಡಬೇಕು, ಯಾವ ಉತ್ತರ ಒಳ್ಳೆಯದು, ಯಾವುದು ಸಾಲದು ಎಂದು ಬರೆಯಲೇಬೇಕಾಗುತ್ತದೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅದೇ ಅಂಕಪಟ್ಟಿ ಇರುವ ಸಂದರ್ಶನಕ್ಕೂ ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೂ ಇರುವ ಅಂತರವನ್ನು ದಶಕಗಳಿಂದ ಅಳೆದಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ, ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದರ ಜೊತೆ ಮೊದಲ ಬಗೆಯ ಸಂದರ್ಶನದ ಹೊಂದಾಣಿಕೆ 0.42, ಎರಡನೆಯದರದು 0.19 ಬಂತು (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ತಾಳೆ). ಈ ಅಂಕಿಗಳು ಸಂದರ್ಶನಕ್ಕೊಂದು ಚೌಕಟ್ಟು ಇರುವುದರ ಬಗ್ಗೆ, ಪ್ರಶ್ನೆ ಮೊದಲೇ ಕೊಡುವುದರ ಬಗ್ಗೆ ಅಲ್ಲ. ಆದರೆ ಮೊದಲೇ ಕಳಿಸಲು ಹೊರಟರೆ ಚೌಕಟ್ಟು ತಾನಾಗಿ ಬರುತ್ತದೆ, ಅದಿಲ್ಲದೆ ಕಳಿಸುವುದು ಸಾಧ್ಯವೇ ಇಲ್ಲ.

ಇನ್ನು ನೀವು ಹೇಳುವ ಆಕ್ಷೇಪಗಳು. ಎಲ್ಲಕ್ಕಿಂತ ಮೊದಲನೆಯದು, "ಉರು ಹೊಡೆದುಕೊಂಡು ಬರ್ತಾರೆ, ಇಲ್ಲಾ ಚಾಟ್‌ಜಿಪಿಟಿಲಿ ಬರೆಸ್ಕೊಂಡು ಬರ್ತಾರೆ." ಬರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಉರು ಹೊಡೆದರೆ ಮುಗಿಯುವ ಪ್ರಶ್ನೆ ಯಾವುದು ಎಂದು ಮೊದಲು ನೋಡಿ. "ಪಾಲಿಮಾರ್ಫಿಸಂ ಎಂದರೇನು", "ಡೆಬಿಟ್ ನೋಟ್ ಎಂದರೇನು", "ನಿಮ್ಮ ಬಲ-ದೌರ್ಬಲ್ಯ ಏನು". ಇವನ್ನು ಮೊದಲೇ ಕೊಟ್ಟರೂ ಕೊಡದಿದ್ದರೂ ಉರು ಹೊಡೆದ ಉತ್ತರವೇ ಬರುತ್ತದೆ. ವ್ಯಾಖ್ಯೆ ಗೊತ್ತಿರಲೇಬೇಕೆಂದಿದ್ದರೆ ಅದಕ್ಕೆ ಹತ್ತು ನಿಮಿಷದ ಲಿಖಿತ ಪರೀಕ್ಷೆ ಇಡಿ, ಮಾತಿನ ಸಮಯ ಹಾಳು ಮಾಡಬೇಡಿ.

ಉಳಿದ ಪ್ರಶ್ನೆಗಳಿಗೆ ಉಪಾಯ ಒಂದೇ: ಮುಖ್ಯ ಪ್ರಶ್ನೆ ಕಳಿಸಿ, ಮರುಪ್ರಶ್ನೆಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್ ಹುದ್ದೆಯನ್ನೇ ತೆಗೆದುಕೊಳ್ಳೋಣ. ಕಳಿಸುವ ಪ್ರಶ್ನೆ ಇದು: "ಖರೀದಿ ಪುಸ್ತಕಕ್ಕೂ ಜಿಎಸ್‌ಟಿಆರ್-2ಬಿಗೂ ತಾಳೆಯಾಗದ ಒಂದು ತಿಂಗಳ ಬಗ್ಗೆ ಹೇಳಿ. ವ್ಯತ್ಯಾಸ ಹೇಗೆ ಹುಡುಕಿದಿರಿ, ಆಮೇಲೆ ಏನು ಮಾಡಿದಿರಿ?" (2ಬಿ ಎಂದರೆ ಮಾರಿದವರು ಏರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಿಂಗಳಿಗೊಮ್ಮೆ ತಯಾರಿಸುವ, ಕೊಂಡವರಿಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ. ಮುಂದೆ ಬರುವ 3ಬಿ ಎಂದರೆ ಆ ಕ್ರೆಡಿಟ್ ಕಳೆದು ತೆರಿಗೆ ಕಟ್ಟುವ ರಿಟರ್ನ್.) ಬರೆಸಿಕೊಂಡು ಬಂದವರ ಉತ್ತರ ನುಣ್ಣಗಿರುತ್ತದೆ. ಎಕ್ಸೆಲ್‌ನಲ್ಲಿ ವಿಲುಕಪ್ ಹಾಕಿ ಹೋಲಿಸಿದೆ, ಸಪ್ಲೈಯರ್‌ಗಳ ಜೊತೆ ಮಾತಾಡಿ ಸರಿಪಡಿಸಿದೆ, ಮುಂದೆ ಹೀಗಾಗದಂತೆ ಕ್ರಮ ತೆಗೆದುಕೊಂಡೆ. ಇಲ್ಲಿ ಮೊದಲ ಮರುಪ್ರಶ್ನೆ: "2ಬಿ 14ನೇ ತಾರೀಖು ಬರುತ್ತೆ, 3ಬಿ 20ಕ್ಕೆ ಹಾಕಬೇಕು. ನಡುವಿನ ಆರು ದಿನದಲ್ಲಿ ಏನು ಮಾಡಿದಿರಿ?" ನಿಜವಾಗಿ ಆ ಕುರ್ಚಿಯಲ್ಲಿ ಕೂತವರು ತಡವರಿಸಿದರೂ ವಿಷಯಕ್ಕೇ ಬರುತ್ತಾರೆ: "ಅಷ್ಟೊತ್ತಿಗೆ ಪಾರ್ಟಿ ಬಿಲ್ ಹಾಕಿದ್ರೂ ಆ ತಿಂಗಳ 2ಬಿಗೆ ಬರಲ್ಲ ಸರ್, ಮುಂದಿನ ತಿಂಗಳಿಗೆ ಹೋಗುತ್ತೆ. ಆ ಕ್ರೆಡಿಟ್ ಬಿಟ್ಟು 3ಬಿ ಹಾಕಿದ್ವಿ. ಪಾರ್ಟಿಗೆ ಕೊಡೋ ದುಡ್ಡಲ್ಲಿ ಟ್ಯಾಕ್ಸ್‌ನಷ್ಟು ಹಿಡಿದಿಟ್ವಿ." ಎರಡನೆಯದು: "ಆ ಪಾರ್ಟಿ ತಿಂಗಳು ತಿಂಗಳು ಫೈಲ್ ಮಾಡೋರಾ?" ಗೊತ್ತಿರುವವರು ಹೇಳುತ್ತಾರೆ, "ಇಲ್ಲ, ಕ್ಯೂಆರ್‌ಎಂಪಿ. ಮೂರು ತಿಂಗಳಿಗೊಮ್ಮೆ. 13ರೊಳಗೆ ಐಎಫ್‌ಎಫ್‌ನಲ್ಲಿ ಬಿಲ್ ಏರಿಸಿ ಅಂತ ಫೋನ್ ಮಾಡಿ ಮಾಡಿ ಹಾಕಿಸ್ತಿದ್ವಿ." (ಕ್ಯೂಆರ್‌ಎಂಪಿ ಸಣ್ಣ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆ, ಐಎಫ್‌ಎಫ್ ಅವರು ನಡುವಿನ ತಿಂಗಳುಗಳ ಬಿಲ್ ಏರಿಸುವ ಸೌಲಭ್ಯ.) ಬರೆಸಿಕೊಂಡು ಬಂದವರು ಇಲ್ಲಿಗೆ ಬರುವ ಹೊತ್ತಿಗೆ "ಕೋಆರ್ಡಿನೇಟ್ ಮಾಡಿದೆ" ಎಂಬ ಮಾತಿಗೇ ಮೂರನೇ ಸಲ ವಾಪಸಾಗಿರುತ್ತಾರೆ.

ಮರುಪ್ರಶ್ನೆ ಹೊಳೆಯದಿದ್ದರೆ ತಾರೀಖು ಕೇಳಿ, ಮೊತ್ತ ಕೇಳಿ, ಯಾರಿಗೆ ಹೇಳಿದಿರಿ ಎಂದು ಕೇಳಿ, ಮೊದಲು ಏನು ತಪ್ಪು ತಿಳಿದಿದ್ದಿರಿ ಎಂದು ಕೇಳಿ. ಈ ಕೊನೆಯದು ಬಹಳ ಕೆಲಸಕ್ಕೆ ಬರುತ್ತದೆ. ಬ್ಯಾಂಕ್ ತಾಳೆಯಲ್ಲಿ 900 ರೂಪಾಯಿ ವ್ಯತ್ಯಾಸ ಬಂದಾಗ, ಅದು 9ರಿಂದ ಭಾಗವಾಗುತ್ತದೆ, ಹಾಗಾದರೆ 5,400 ಅನ್ನು 4,500 ಎಂದು ಯಾರೋ ಅದಲುಬದಲು ಹೊಡೆದಿರಬಹುದು ಎಂದು ಹುಡುಕುವುದು ಕೈ ಪಳಗಿದವರಿಗೆ ಮಾತ್ರ ತಕ್ಷಣ ಹೊಳೆಯುವ ದಾರಿ. ಕೆಲವೊಮ್ಮೆ ಆ ಊಹೆಯೂ ತಪ್ಪಿರುತ್ತದೆ. ಹೀಗೆ ತಪ್ಪು ದಾರಿ ಹಿಡಿದು ವಾಪಸ್ ಬಂದ ವಿವರವನ್ನು ಯಂತ್ರ ಬರೆದುಕೊಟ್ಟ ಉತ್ತರದಲ್ಲಿ ಸಾಮಾನ್ಯವಾಗಿ ಯಾರೂ ಇಟ್ಟುಕೊಂಡು ಬಂದಿರುವುದಿಲ್ಲ.

"ಒತ್ತಡದಲ್ಲಿ ಹೇಗಿರ್ತಾರೆ ನೋಡಬೇಕು" ಎನ್ನುವುದು ಎರಡನೇ ಆಕ್ಷೇಪ. ಇಂಟರ್‌ವ್ಯೂ ಕೋಣೆಯ ಒತ್ತಡವೇ ಬೇರೆ, ಕೆಲಸದ ಒತ್ತಡವೇ ಬೇರೆ. 3ಬಿ ಹಾಕುವ ಕೊನೆಯ ದಿನ ಪೋರ್ಟಲ್ ನಿಂತುಹೋದಾಗ ಶಾಂತವಾಗಿರುವವರು, ಗುರುತಿಲ್ಲದ ಮೂವರ ಎದುರು ಇಂಗ್ಲಿಷಿನಲ್ಲಿ ಮಾತಾಡುವಾಗ ಬೆವರಬಹುದು. ಅದು ಉಲ್ಟಾ ಕೂಡ ಆಗುತ್ತದೆ. ಆದರೆ ತಟ್ಟನೆ ಉತ್ತರಿಸುವುದೇ ಕೆಲಸವಾಗಿರುವ ಹುದ್ದೆಗಳಿವೆ: ಸಿಟ್ಟಾದ ಗ್ರಾಹಕರ ಕರೆ ತೆಗೆದುಕೊಳ್ಳುವವರು, ಆ್ಯಂಬುಲೆನ್ಸ್ ಕಂಟ್ರೋಲ್ ರೂಮಿನವರು, ಫೋನಿನಲ್ಲಿ ಮಾರಾಟ ಮಾಡುವವರು. ಅವರಿಗೆ ಆ ಭಾಗವನ್ನು ಮೊದಲೇ ಕೊಡಬೇಡಿ. "ಏಳು ನಿಮಿಷದ ಒಂದು ಅಣಕು ಕರೆ ಇರುತ್ತದೆ, ವಿಷಯ ಅಲ್ಲೇ ತಿಳಿಯುತ್ತದೆ" ಎಂಬ ಮಾಹಿತಿಯನ್ನಷ್ಟೇ ಕೊಡಿ. ಸಾಫ್ಟ್‌ವೇರ್‌ಗೂ ಹಾಗೆಯೇ. ಅಲ್ಗಾರಿದಂ ಪ್ರಶ್ನೆಯನ್ನು ಎರಡು ದಿನ ಮೊದಲು ಕೊಟ್ಟರೆ ಅರ್ಥವಿಲ್ಲ, ಉತ್ತರ ನಕಲಾಗಿ ಬರುತ್ತದೆ. ಅದರ ಬದಲು ನೂರೈವತ್ತು ಇನ್ನೂರು ಸಾಲಿನ ಒಂದು ಕೋಡ್ ಫೈಲನ್ನು ಎರಡು ದಿನ ಮೊದಲು ಕಳಿಸಿ ಓದಿಕೊಂಡು ಬರಲು ಹೇಳಿ. ಎದುರಿಗೆ ಕೂತಾಗ, "ಇದರಲ್ಲಿ ಈಗ ಹಣ ವಾಪಸ್ ಮಾಡುವ ಸೌಲಭ್ಯ ಸೇರಿಸಬೇಕು, ಎಲ್ಲಿ ಕೈ ಹಾಕುತ್ತೀರಿ?" ಎಂದು ಕೇಳಿ. ಓದಿದವರು ಯಾರು, ಓದಿಸಿಕೊಂಡವರು ಯಾರು ಎಂಬುದು ಹದಿನೈದು ನಿಮಿಷದಲ್ಲಿ ಬಯಲಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಈ ಕ್ರಮದಿಂದ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಅಲ್ಲೇ. ಇಂಗ್ಲಿಷಿನ ಪ್ರಶ್ನೆ ಕಿವಿಗೆ ಬೀಳುತ್ತದೆ, ಕನ್ನಡಕ್ಕೆ ತಿರುಗುತ್ತದೆ, ಕನ್ನಡದಲ್ಲೇ ಉತ್ತರ ಹುಟ್ಟುತ್ತದೆ, ಅದನ್ನು ಮತ್ತೆ ಇಂಗ್ಲಿಷಿಗೆ ತರಬೇಕು. ಈ ಎಂಟು ಹತ್ತು ಸೆಕೆಂಡಿನ ಮೌನವನ್ನು ಪ್ಯಾನೆಲ್ಲು "ಕಾನ್ಫಿಡೆನ್ಸ್ ಇಲ್ಲ" ಎಂದು ಬರೆದುಕೊಳ್ಳುತ್ತದೆ. ಪ್ರಶ್ನೆ ಎರಡು ದಿನ ಮೊದಲೇ ಕೈಯಲ್ಲಿದ್ದರೆ ಈ ಅನುವಾದದ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಪ್ರಶ್ನೆಗಳನ್ನು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಕಳಿಸಿ. ಕೆಲಸಕ್ಕೆ ಇಂಗ್ಲಿಷ್ ಮಾತು ಬೇಕಿಲ್ಲದಿದ್ದರೆ ಕನ್ನಡದಲ್ಲಿ ಉತ್ತರಿಸಬಹುದು ಎಂದು ಮೇಲ್‌ನಲ್ಲೇ ಬರೆಯಿರಿ. ಬೇಕಿದ್ದರೆ ಅದನ್ನು ಪ್ರತ್ಯೇಕ ಅಂಕವಾಗಿ ಇಡಿ. "ಕಮ್ಯುನಿಕೇಶನ್" ಎಂಬ ಒಂದೇ ಡಬ್ಬಕ್ಕೆ ಎಲ್ಲವನ್ನೂ ತುಂಬಿದರೆ ಇಂಗ್ಲಿಷ್ ಚೆನ್ನಾಗಿರುವವರು ಅಕೌಂಟ್ಸ್‌ನಲ್ಲೂ ಚೆನ್ನಾಗಿದ್ದಾರೆ ಎಂಬಂತೆ ಕಾಣತೊಡಗುತ್ತದೆ.

ತೊದಲು ಇರುವವರು, ಆಟಿಸಂ ಇರುವವರು, ಓದು-ಬರಹದ ನಿರ್ದಿಷ್ಟ ತೊಡಕು ಇರುವವರು ಕೂಡ ನಿಮ್ಮಲ್ಲಿಗೆ ಅರ್ಜಿ ಹಾಕುತ್ತಿರುತ್ತಾರೆ. ಮಾತು ಮತ್ತು ಭಾಷೆಯ ನ್ಯೂನತೆ, ಆಟಿಸಂ, ಕಲಿಕಾ ನ್ಯೂನತೆ ಮೂರೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿವೆ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿಯೊಂದು ಸಂಸ್ಥೆ, ಖಾಸಗಿಯಾದರೂ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆಯ್ಕೆಯ ವಿಧಾನವೂ ಅದರಲ್ಲಿರಬೇಕು ಎಂದು 2017ರ ನಿಯಮಗಳು ಹೇಳುತ್ತವೆ. ಪ್ರಶ್ನೆಗಳು ಮೊದಲೇ ಬೇಕು ಎಂದು ಒಬ್ಬರು ಪ್ರತ್ಯೇಕವಾಗಿ ಕೇಳಬೇಕಾದರೆ ಏಕೆ ಬೇಕು ಎಂದೂ ಹೇಳಬೇಕಾಗುತ್ತದೆ, ಕೆಲಸ ಸಿಗುವ ಮೊದಲೇ. ಎಲ್ಲರಿಗೂ ಕಳಿಸಿಬಿಟ್ಟರೆ ಆ ಮುಜುಗರದ ಮೇಲ್ ಯಾರೂ ಬರೆಯಬೇಕಿಲ್ಲ.

ಈಗ ಲೆಕ್ಕಾಚಾರ. 45 ನಿಮಿಷದ ಇಂಟರ್‌ವ್ಯೂಗೆ ಕಳಿಸುವ ಪ್ರಶ್ನೆ ಐದಕ್ಕಿಂತ ಹೆಚ್ಚು ಬೇಡ. ಮರುಪ್ರಶ್ನೆ ಸೇರಿ ಒಂದಕ್ಕೆ ಆರು ನಿಮಿಷ ಎಂದರೆ 30 ಆಯಿತು. ಕಳಿಸದ ಒಂದು ಪ್ರಶ್ನೆಗೆ 5, ಅಭ್ಯರ್ಥಿ ಕೇಳುವುದಕ್ಕೆ 5, ಕೂತು ನೀರು ಕುಡಿದು ಪರಿಚಯ ಹೇಳಿಕೊಳ್ಳುವುದಕ್ಕೂ ಎದ್ದು ಹೊರಡುವುದಕ್ಕೂ 5. ಒಂದೇ ಪ್ರಶ್ನೆಯೊಳಗೆ ಮೂರು ತುರುಕಬೇಡಿ. ಒತ್ತಡದಲ್ಲಿರುವವರು ಕೊನೆಯದಕ್ಕೆ ಮಾತ್ರ ಉತ್ತರಿಸುತ್ತಾರೆ, ನೀವು ಉಳಿದೆರಡಕ್ಕೆ ಅಂಕ ಕತ್ತರಿಸುತ್ತೀರಿ.

48 ಗಂಟೆ ಏಕೆ? ಈಗಾಗಲೇ ಎಲ್ಲೋ ಕೆಲಸದಲ್ಲಿರುವವರಿಗೆ ಎರಡು ಸಂಜೆ ಸಿಗುತ್ತದೆ. ಹಿಂದಿನ ರಾತ್ರಿ ಕಳಿಸಿದರೆ ನೈಟ್ ಶಿಫ್ಟಿನವರಿಗೆ ಏನೂ ಸಿಗುವುದಿಲ್ಲ. ವಾರ ಮೊದಲು ಕಳಿಸಿದರೆ ಅದು ಪ್ರಾಜೆಕ್ಟ್ ಆಗಿಬಿಡುತ್ತದೆ, ದುಡ್ಡು ಕೊಟ್ಟು ತಯಾರಿ ಮಾಡಿಸಿಕೊಳ್ಳುವವರು ಗೆಲ್ಲುತ್ತಾರೆ. ಎಲ್ಲ ಅಭ್ಯರ್ಥಿಗಳ ಇಂಟರ್‌ವ್ಯೂ ಎರಡು ದಿನದೊಳಗೆ ಮುಗಿಯುವಂತೆ ಇಟ್ಟುಕೊಂಡು ಎಲ್ಲರಿಗೂ ಒಂದೇ ಹೊತ್ತಿಗೆ ಕಳಿಸಿ. ಸೋಮವಾರದವರಿಗೂ ಗುರುವಾರದವರಿಗೂ ಒಟ್ಟಿಗೆ ಹೋದರೆ ಗುರುವಾರದವರಿಗೆ ಮೂರು ದಿನ ಹೆಚ್ಚು. ಬೇರೆ ಬೇರೆ ದಿನ ಹೋದರೆ ಮತ್ತೆ ಅದೇ ರಿಸೆಪ್ಷನ್ ಕುರ್ಚಿಯ ಕಥೆ.

ಮೇಲ್ ಹೀಗಿದ್ದರೆ ಸಾಕು:

"ಗುರುವಾರ ಬೆಳಿಗ್ಗೆ 11ಕ್ಕೆ ನಿಮ್ಮ ಸಂದರ್ಶನ, 45 ನಿಮಿಷ. ಇಬ್ಬರು ಇರುತ್ತಾರೆ, ಅಕೌಂಟ್ಸ್ ಮ್ಯಾನೇಜರ್ ಮತ್ತು ಎಚ್.ಆರ್. ನಾವು ಕೇಳುವ ಐದು ಪ್ರಶ್ನೆಗಳು ಕೆಳಗಿವೆ. ಇವುಗಳ ಮೇಲೆ ಮರುಪ್ರಶ್ನೆಗಳೂ, ಇಲ್ಲಿಲ್ಲದ ಒಂದು ಪ್ರಶ್ನೆಯೂ ಇರುತ್ತದೆ. ಒಂದು ಎ4 ಹಾಳೆಯಷ್ಟು ಟಿಪ್ಪಣಿ ತರಬಹುದು, ನೋಡಿಕೊಂಡು ಮಾತಾಡಬಹುದು. ಕನ್ನಡದಲ್ಲಿ ಉತ್ತರಿಸಿದರೂ ಇಂಗ್ಲಿಷಿನಲ್ಲಿ ಉತ್ತರಿಸಿದರೂ ಅಂಕ ಒಂದೇ. ಈ ಪ್ರಶ್ನೆಗಳನ್ನು ಎಲ್ಲ ಅಭ್ಯರ್ಥಿಗಳಿಗೂ ಇದೇ ಹೊತ್ತಿಗೆ ಕಳಿಸಿದ್ದೇವೆ."

ಇದನ್ನು ಕಂಪನಿಯ ಮೇಲ್‌ನಿಂದ ನೇರ ಅಭ್ಯರ್ಥಿಗೇ ಕಳಿಸಿ. ಕನ್ಸಲ್ಟೆನ್ಸಿ ಮೂಲಕ ಕಳಿಸಬೇಡಿ. ಅವರಿಗೆ ತಮ್ಮ ಅಭ್ಯರ್ಥಿ ಆಯ್ಕೆಯಾದರೆ ಕಮಿಷನ್. ಪ್ರಶ್ನೆ ಕೈಗೆ ಸಿಕ್ಕರೆ ಉತ್ತರವನ್ನೂ ಅವರೇ ಬರೆದುಕೊಡುತ್ತಾರೆ, ಆಗ ನಾಲ್ಕು ಜನರಿಂದ ಒಂದೇ ಉದಾಹರಣೆ, ಒಂದೇ ವಾಕ್ಯ ಕೇಳಿಬರುತ್ತದೆ.

ಅಂಕಕ್ಕೆ 1ರಿಂದ 5 ಸಾಕು. ಆದರೆ 1, 3, 5 ಎಂದರೆ ಏನು ಎಂದು ಪ್ರತಿ ಪ್ರಶ್ನೆಗೂ ಬರೆದಿಟ್ಟುಕೊಳ್ಳಿ. ಮೇಲಿನ 2ಬಿ ಪ್ರಶ್ನೆಗಾದರೆ: ಸಾಮಾನ್ಯ ಮಾತು ಮಾತ್ರ, ಒಂದು ಘಟನೆಯೂ ಇಲ್ಲ ಎಂದರೆ 1. ವ್ಯತ್ಯಾಸ ಹುಡುಕಿದ ವಿಧಾನ ಹೇಳಿದರು, ಕಾರಣ ಹೇಳಲಾಗಲಿಲ್ಲ ಎಂದರೆ 3. ಕಾರಣ, ತಾರೀಖು, ದುಡ್ಡು ಹೇಗೆ ಉಳಿಸಿದರು, ಮುಂದಿನ ತಿಂಗಳು ಏನು ಬದಲಾಯಿಸಿದರು, ಎಲ್ಲವೂ ಬಂದರೆ 5. ಪ್ಯಾನೆಲ್ಲಿನ ಇಬ್ಬರೂ ತಮ್ಮ ಅಂಕವನ್ನು ಮಾತಾಡಿಕೊಳ್ಳುವ ಮುಂಚೆ ಬರೆಯಬೇಕು. ಮೊದಲು ಬಾಯಿಬಿಟ್ಟವರು ಸೀನಿಯರ್ ಆಗಿದ್ದರೆ ಇನ್ನೊಬ್ಬರ ಅಂಕ ಅವರ ಹಿಂದೆಯೇ ಹೋಗುತ್ತದೆ. ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಬರೆದುಕೊಂಡ ಟಿಪ್ಪಣಿ ತೆಗೆದು ನೋಡಿ. "ನಂಗೆ ಹಾಗನ್ನಿಸ್ತು" ಅನ್ನುವುದು ಟಿಪ್ಪಣಿಯಲ್ಲ.

ಎಡವುವುದು ಎಲ್ಲಿ ಎಂದರೆ, ಅತಿ ಸಾಮಾನ್ಯವಾದದ್ದು ಇದು: ಎಚ್.ಆರ್. ಪ್ರಶ್ನೆ ಕಳಿಸಿರುತ್ತಾರೆ, ಮ್ಯಾನೇಜರ್ ಆ ಮೇಲ್ ನೋಡಿಯೇ ಇರುವುದಿಲ್ಲ. ಒಳಗೆ ಬಂದು ತಮ್ಮದೇ ಹಳೆಯ ಪ್ರಶ್ನೆ ಶುರುಮಾಡುತ್ತಾರೆ. ಎರಡು ಸಂಜೆ ಕೂತು ತಯಾರಾದವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಮೊದಲೇ ಕೊಡದಿದ್ದರೇ ವಾಸಿಯಿತ್ತು. ಕ್ಯಾಲೆಂಡರ್ ಇನ್‌ವೈಟ್‌ನೊಳಗೇ ಪ್ರಶ್ನೆಗಳನ್ನು ಅಂಟಿಸಿ. ಅಭ್ಯರ್ಥಿ ಬರುವ ಅರ್ಧ ಗಂಟೆ ಮೊದಲು ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ.

ಇನ್ನೊಂದು, ಎಲ್ಲರ ಅಂಕವೂ ಮೇಲೇರುತ್ತದೆ. ತಯಾರಾಗಿ ಬಂದವರಿಂದ ತೀರಾ ಕಳಪೆ ಉತ್ತರ ಬರುವುದು ಅಪರೂಪ, ಹಾಗಾಗಿ ಎಲ್ಲರಿಗೂ 4 ಬೀಳುತ್ತದೆ, ಯಾರನ್ನು ಆರಿಸಬೇಕೋ ತಿಳಿಯುವುದಿಲ್ಲ. "ನೋಡಿ, ಹೇಳಿರ್ಲಿಲ್ವಾ" ಎಂದು ಈ ಹಂತದಲ್ಲಿ ಕೈಬಿಟ್ಟವರಿದ್ದಾರೆ. ದೋಷ ಅಂಕಪಟ್ಟಿಯದು. ಹತ್ತು ಹನ್ನೆರಡು ಜನ ಆದಮೇಲೆ ಒಂದೊಂದೇ ಪ್ರಶ್ನೆಯ ಅಂಕಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲರಿಗೂ 4, 5 ಬಂದ ಪ್ರಶ್ನೆ ಯಾರನ್ನೂ ಬೇರೆ ಮಾಡುತ್ತಿಲ್ಲ, ಮುಂದಿನ ಸುತ್ತಿಗೆ ತೆಗೆದುಹಾಕಿ, ಇಲ್ಲವೇ ಹಿಂದೆ 5 ಕೊಟ್ಟದ್ದಕ್ಕೆ ಇನ್ನು 3 ಕೊಡಿ. ನಡು ಸುತ್ತಿನಲ್ಲಿ ಮಾತ್ರ ಬದಲಿಸಬೇಡಿ.

ವಿಡಿಯೋ ಇಂಟರ್‌ವ್ಯೂನಲ್ಲಿ ಕಣ್ಣು ಪಕ್ಕಕ್ಕೆ ಹೋಯಿತು, ಓದುತ್ತಿದ್ದಾರೆ ಎಂದು ಅಂಕ ಕತ್ತರಿಸುವವರಿದ್ದಾರೆ. ಟಿಪ್ಪಣಿ ನೋಡಬಹುದು ಎಂದು ನೀವೇ ಬರೆದಿದ್ದೀರಿ. ಮರುಪ್ರಶ್ನೆ ಹಾಕಿ, ಕಣ್ಣು ಎಲ್ಲಿ ಹೋಗುತ್ತದೆಂದು ಪತ್ತೇದಾರಿಕೆ ಮಾಡಬೇಡಿ. ಒಬ್ಬರ ಬದಲು ಇನ್ನೊಬ್ಬರು ಕೂರುವ ಮೋಸ ಬೇರೆ ವಿಷಯ. ಅದಕ್ಕೆ ಗುರುತಿನ ಚೀಟಿ ನೋಡಬೇಕು, ಪ್ರಶ್ನೆ ಬಚ್ಚಿಟ್ಟರೆ ಅದು ನಿಲ್ಲುವುದಿಲ್ಲ.

ಎಲ್ಲ ಹುದ್ದೆಗೂ ಒಟ್ಟಿಗೆ ಬೇಡ. ನಿಮ್ಮಲ್ಲಿ ಪದೇ ಪದೇ ಖಾಲಿಯಾಗುವ ಒಂದು ಹುದ್ದೆ ಆರಿಸಿ, ಮುಂದಿನ ಸುತ್ತಿನಿಂದಲೇ ಶುರುಮಾಡಿ. ಹೀಗೆ ಬಂದವರ ಅಂಕಪಟ್ಟಿ ಎತ್ತಿಡಿ. ಪ್ರೊಬೇಷನ್ ಮುಗಿದ ದಿನ ಅವರ ಮ್ಯಾನೇಜರ್ ಬರೆದ ವರದಿಯ ಪಕ್ಕ ಅದನ್ನಿಟ್ಟು ನೋಡಿ.

ಪೇಪರಿನಲ್ಲಿ ಜಾಹೀರಾತು ಕೊಟ್ಟು ವಾಕ್-ಇನ್ ಕರೆಯುವವರು, ಯಾರು ಬರುತ್ತಾರೆಂದೇ ಗೊತ್ತಿಲ್ಲ, ಮೊದಲೇ ಹೇಗೆ ಕಳಿಸುವುದು ಎನ್ನುತ್ತಾರೆ. ನೀವು ಕಳಿಸಬೇಕಿಲ್ಲ. ಹೆಸರು ಬರೆಸಿಕೊಂಡ ತಕ್ಷಣ ಪ್ರಶ್ನೆಗಳ ಒಂದು ಹಾಳೆ ಕೈಗೆ ಕೊಡಿ, ಪ್ರತಿಯೊಬ್ಬರಿಗೂ ಇಪ್ಪತ್ತು ನಿಮಿಷ ಕೊಟ್ಟು ಆಮೇಲೇ ಒಳಗೆ ಕರೆಯಿರಿ. ಹಾಳೆಯ ಹಿಂಬದಿ ಖಾಲಿ ಇರಲಿ, ಟಿಪ್ಪಣಿಗೆ ಬೇಕಾಗುತ್ತದೆ. ಪಕ್ಕದಲ್ಲಿ ನಾಲ್ಕು ಪೆನ್ನಿಡಿ, ಎರಡು ಹೇಗೂ ವಾಪಸ್ ಬರುವುದಿಲ್ಲ.

ಇಂತಿ,
ಇಂಟರ್‌ವ್ಯೂ ಮೇಜಿನ ಆ ಬದಿಯಲ್ಲಿ ಕೂರುವ ಕೆಲವರು